‘ಹೇಗೆ’ ಇಲ್ಲಿದೆ, ‘ಯಾಕೆ’ ಎಲ್ಲಿದೆ?

ಹಿಂದೂಪುರದ ಸುತ್ತಿನ ಹಳ್ಳಿಗಳಲ್ಲಿ ಚಳಿಗಾಲವೆಂದರೆ ಬೆಳಗಿನ ಹೊತ್ತು ಮೈಮೇಲೊಂದು ಹೊದಿಕೆ ಬೇಕು ಅನಿಸುವಷ್ಟೇ. ಹಿಮ ಬೀಳುವುದಿಲ್ಲ, ಹಿಪ್ಪುನೇರಳೆ ಎಲೆ ಉದುರಿಸಿ ಬೋಳಾಗಿ ನಿಲ್ಲುವುದಿಲ್ಲ. ಕೊಳವೆಬಾವಿಯಲ್ಲಿ ನೀರಿದ್ದರೆ ವರ್ಷವಿಡೀ ಸೊಪ್ಪು, ವರ್ಷವಿಡೀ ಹುಳು, ವರ್ಷವಿಡೀ ಗೂಡು. ಇಂಥ ಊರಿನಲ್ಲಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ರೇಷ್ಮೆಚಿಟ್ಟೆ ಇಟ್ಟ ಮೊಟ್ಟೆಯನ್ನು ಅದರ ಪಾಡಿಗೆ ಬಿಟ್ಟು ನೋಡಿ. ಹತ್ತು ದಿನಕ್ಕೆ ಮರಿ ಹೊರಬರಬೇಕಾದ ಮೊಟ್ಟೆ ಒಂದೆರಡು ದಿನದಲ್ಲೇ ಕಂದುಬಣ್ಣಕ್ಕೆ ತಿರುಗಿ ಮಲಗಿಬಿಡುತ್ತದೆ. ತಿಂಗಳುಗಟ್ಟಲೆ ಎದ್ದೇಳುವುದಿಲ್ಲ. ಎಬ್ಬಿಸಬೇಕಾದರೆ ಎರಡು ತಿಂಗಳಿಗೂ ಮೇಲ್ಪಟ್ಟು ಶೀತಲಗೃಹದಲ್ಲಿಟ್ಟು, ‘ಚಳಿಗಾಲ ಕಳೆಯಿತು’ ಎಂದು ಅದನ್ನು ನಂಬಿಸಬೇಕು.

ಅಷ್ಟು ಕಾಯಲು ರೈತನಿಗೆ ಪುರುಸೊತ್ತಿಲ್ಲ. ಅದಕ್ಕೇ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆ ಇಟ್ಟ ಸುಮಾರು 20 ಗಂಟೆಗೆ ಮೊಟ್ಟೆಹಾಳೆಗಳನ್ನು ಬಿಸಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಆಮ್ಲದ ಬಿಸಿ ಸುಮಾರು 46 ಡಿಗ್ರಿ ಸೆಲ್ಸಿಯಸ್, ಅವಧಿ ಸುಮಾರು ಐದು ನಿಮಿಷ. ಆಮೇಲೆ ಚೆನ್ನಾಗಿ ತೊಳೆದು ಒಣಗಿಸುತ್ತಾರೆ. ಹೀಗೆ ಮಾಡಿದ ಮೊಟ್ಟೆ ಮಲಗುವುದಿಲ್ಲ, ಹತ್ತು ದಿನಕ್ಕೆ ಮರಿಯಾಗುತ್ತದೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ಮೊಟ್ಟೆ ಹೇಗೆ ಮಲಗುತ್ತದೆ? ಮೊಟ್ಟೆ ಯಾಕೆ ಮಲಗುತ್ತದೆ? ಕೇಳುವವರಿಗೆ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ ಹಾಗೆ ಅನಿಸಬಹುದು. ಆದರೆ ಇವುಗಳ ಉತ್ತರ ಬೇರೆ, ಉತ್ತರಕ್ಕೆ ಬೇಕಾದ ಸಾಕ್ಷಿ ಬೇರೆ, ಸಾಕ್ಷಿ ಸಿಗುವ ಜಾಗವೂ ಬೇರೆ. ಭೌತವಿಜ್ಞಾನಿ ಕಲ್ಲು ಯಾಕೆ ಬೀಳುತ್ತದೆ ಎಂದು ಕೇಳಿದರೂ ಅವನು ತಿಳಿಯಲು ಹೊರಟಿರುವುದು ಹೇಗೆ ಬೀಳುತ್ತದೆ ಎಂಬುದನ್ನೇ. ಜೀವವಿಜ್ಞಾನದಲ್ಲಿ ಮಾತ್ರ ‘ಯಾಕೆ’ ಎಂಬುದಕ್ಕೆ ತನ್ನದೇ ಆದ ಹೊಲವಿದೆ, ಏಕೆಂದರೆ ಜೀವಿಗಳಿಗೆ ಇತಿಹಾಸವಿದೆ.

ತಾಯಿಯಿಂದ ಬಂದ ನಿದ್ದೆ

ಮೊದಲು ‘ಹೇಗೆ’. ರೇಷ್ಮೆಮೊಟ್ಟೆ ಮಲಗಬೇಕೋ ಬೇಡವೋ ಎಂಬುದನ್ನು ಮೊಟ್ಟೆ ತಾನೇ ನಿರ್ಧರಿಸುವುದಿಲ್ಲ, ತಾಯಿ ನಿರ್ಧರಿಸುತ್ತಾಳೆ. ತಾಯಿಯೂ ಅದನ್ನು ಚಿಟ್ಟೆಯಾದ ಮೇಲೆ ನಿರ್ಧರಿಸುವುದಿಲ್ಲ. ತಾನಿನ್ನೂ ಮೊಟ್ಟೆಯೊಳಗೆ ಭ್ರೂಣವಾಗಿದ್ದಾಗ ಸುತ್ತಲಿನ ಶಾಖ ಎಷ್ಟಿತ್ತು, ಬೆಳಕು ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ಅದು ನಿಂತಿದೆ. 25 ಡಿಗ್ರಿ ಶಾಖದಲ್ಲಿ, ಹೆಚ್ಚು ಹೊತ್ತಿನ ಬೆಳಕಿನಲ್ಲಿ ಬೆಳೆದ ದ್ವಿತಳಿ ಭ್ರೂಣ ದೊಡ್ಡದಾಗಿ ಚಿಟ್ಟೆಯಾದಾಗ ಮಲಗುವ ಮೊಟ್ಟೆ ಇಡುತ್ತದೆ. 15 ಡಿಗ್ರಿಯಲ್ಲಿ ಕತ್ತಲಲ್ಲಿ ಬೆಳೆದದ್ದು ಮಲಗದ ಮೊಟ್ಟೆ ಇಡುತ್ತದೆ. ಶಾಖವನ್ನು ಗುರುತಿಸುವ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು 2014ರಲ್ಲಿ ವರದಿ ಮಾಡಿದರು. ಭ್ರೂಣದಲ್ಲಿರುವ ಈ ಪ್ರೋಟೀನು ಸುಮಾರು 21 ಡಿಗ್ರಿ ದಾಟಿದಾಗ ಚುರುಕಾಗುತ್ತದೆ.

ಭ್ರೂಣಕ್ಕೆ ಸಿಕ್ಕ ಈ ಸುದ್ದಿ ಚಾಕಿ ಎಂಬ ಎಳೆಹುಳುವಿನ ಹಂತ, ಪೊರೆ ಬಿಡುವ ನಾಲ್ಕು ಜ್ವರ, ಗೂಡು ಕಟ್ಟುವ ಚಂದ್ರಿಕೆ, ಗೂಡು ಎಲ್ಲವನ್ನೂ ದಾಟಿ ಕೋಶಾವಸ್ಥೆಯ ತನಕ ಉಳಿದಿರುತ್ತದೆ. ಆಗ ಹೆಣ್ಣುಕೋಶದ ಅನ್ನನಾಳದ ಕೆಳಗಿನ ನರಗಂಟಿನಿಂದ ಒಂದು ಹಾರ್ಮೋನು ಹೊರಟು ಅಂಡಾಶಯಕ್ಕೆ ತಲುಪುತ್ತದೆ. ಇಂಥದೊಂದು ಹಾರ್ಮೋನು ಇದೆ ಎಂದು ಜಪಾನಿನ ಫುಕುದ ಮತ್ತು ಹಸೆಗಾವ 1951ರಲ್ಲಿ ಬೇರೆಬೇರೆಯಾಗಿ ತೋರಿಸಿದರು. ಅದು 24 ಅಮೈನೋ ಆಮ್ಲಗಳ ಪುಟ್ಟ ಸರಪಳಿ ಎಂದು 1991ರಲ್ಲಿ ಗೊತ್ತಾಯಿತು. ಅದು ತಾಗಿದ ಮೊಟ್ಟೆಯಲ್ಲಿ ಗ್ಲೈಕೋಜನ್ ಹೆಚ್ಚಾಗಿ ಶೇಖರವಾಗಿ, ಮುಂದೆ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಮಾರ್ಪಡುತ್ತದೆ. ಭ್ರೂಣದ ಬೆಳವಣಿಗೆ ನಿಲ್ಲುತ್ತದೆ. ಸರಿಯಾದ ಹೊತ್ತಿಗೆ ಆಮ್ಲ ತಾಗಿದರೆ ಸಾರ್ಬಿಟಾಲ್ ಶೇಖರವಾಗುವುದಿಲ್ಲ, ಭ್ರೂಣ ಬೆಳೆಯುತ್ತಲೇ ಹೋಗುತ್ತದೆ.

ಕೋಶದಿಂದ ಅಣುವಿನವರೆಗೆ ಇಷ್ಟು ತಿಳಿದರೂ ‘ಯಾಕೆ’ ಹಾಗೇ ಉಳಿಯುತ್ತದೆ. ವರ್ಷಪೂರ್ತಿ ಸೊಪ್ಪಿರುವ ಹಿಂದೂಪುರದಲ್ಲಿ ಮೊಟ್ಟೆ ಮಲಗಿ ಯಾವ ಲಾಭ? ಇಲ್ಲಿ ಯಾವ ಲಾಭವೂ ಇಲ್ಲ. ಲಾಭವಿದ್ದದ್ದು ಚೀನಾ, ಜಪಾನುಗಳ ಚಳಿ ನಾಡಿನಲ್ಲಿ, ಈ ತಳಿಗಳ ಹಿರಿಯರು ಬಾಳಿದ ಕಡೆ. ಅಲ್ಲಿ ವಸಂತದ ತಂಪಿನಲ್ಲಿ ಕಣ್ಣುಬಿಟ್ಟ ಮೊದಲ ಪೀಳಿಗೆ ಬೇಸಿಗೆಯಲ್ಲಿ ಮಲಗದ ಮೊಟ್ಟೆ ಇಡುತ್ತದೆ, ಮುಂದೆ ಇನ್ನೂ ಸೊಪ್ಪಿರುತ್ತದೆ. ಬೇಸಿಗೆಯ ಶಾಖದಲ್ಲಿ ಬೆಳೆದ ಎರಡನೆಯ ಪೀಳಿಗೆಯ ಮೊಟ್ಟೆಗಳ ಮುಂದೆ ಇರುವುದು ಎಲೆ ಉದುರಿದ ಗಿಡ, ಹಿಮ. ಆಗ ಕಣ್ಣುಬಿಟ್ಟ ಮರಿ ಉಪವಾಸ ಸಾಯುತ್ತದೆ, ಮಲಗಿದ ಮೊಟ್ಟೆ ಉಳಿಯುತ್ತದೆ. ಹೀಗೆ ಉಳಿದವುಗಳ ಸಂತತಿಯೇ ಇವತ್ತು ಹಿಂದೂಪುರದ ಗೂಡಿನ ಮಾರುಕಟ್ಟೆಗೆ ಬಿಳಿಗೂಡು ತರುತ್ತಿರುವುದು. ಇಲ್ಲಿಯ 25 ಡಿಗ್ರಿ ಶಾಖ ಭ್ರೂಣಕ್ಕೆ ‘ಇದು ಬೇಸಿಗೆ, ಚಳಿ ಬರಲಿದೆ’ ಎಂದು ಹೇಳುತ್ತದೆ. ಆ ಚಳಿ ಬರುವುದೇ ಇಲ್ಲ.

ಇದು ಬರೀ ಕಥೆಯಲ್ಲ ಎನ್ನಲು ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ಚಳಿ ನಾಡಿನಲ್ಲಿ ವರ್ಷಕ್ಕೆ ಒಂದೇ ಪೀಳಿಗೆಯ ತಳಿಗಳಿವೆ, ಅಷ್ಟು ಚಳಿಯಿಲ್ಲದ ಕಡೆ ಎರಡು ಪೀಳಿಗೆಯವು, ಉಷ್ಣವಲಯದಲ್ಲಿ ಮಲಗದೆ ವರ್ಷವಿಡೀ ಪೀಳಿಗೆ ನಡೆಸುವವು. ಹಸಿರು-ಹಳದಿ ಗೂಡಿನ ಮೈಸೂರು ತಳಿ ಈ ಕೊನೆಯ ಗುಂಪಿನದು. ಅದರ ಮೊಟ್ಟೆಗೆ ಆಮ್ಲದ ಸ್ನಾನ ಬೇಡ. ನೂಲಿನಲ್ಲಿ ಅದು ಹಿಂದೆ: ದ್ವಿತಳಿ ಗೂಡಿನಿಂದ ಸುಮಾರು ಒಂದು ಕಿಲೋಮೀಟರು ಎಳೆ ಬಂದರೆ, ಮೈಸೂರು ಗೂಡಿನಿಂದ ಅದರ ಅರ್ಧವೂ ಬರುವುದಿಲ್ಲ. ಮಿಶ್ರತಳಿ ಮಾಡುವಾಗ ಮೈಸೂರು ಹೆಣ್ಣಿಗೆ ದ್ವಿತಳಿ ಗಂಡನ್ನು ಕೂಡಿಸುವುದು ರೂಢಿ. ನಿದ್ದೆ ತಾಯಿಯ ಕಡೆಯಿಂದ ಬರುವುದರಿಂದ ಈ ಜೋಡಿಯ ಮೊಟ್ಟೆ ಮಲಗದು, ತಂದೆಯ ಕಡೆಯಿಂದ ನೂಲಿನ ಗುಣವೂ ಒಂದಷ್ಟು ಸಿಗುತ್ತದೆ. ಎರಡೂ ಕಡೆ ದ್ವಿತಳಿಯೇ ಆದರೆ ಆಮ್ಲ ಬೇಕೇ ಬೇಕು. ಹಿಂದೂಪುರದ ಪಕ್ಕದ ಕಿರಿಕೆರದಲ್ಲಿರುವ ರೇಷ್ಮೆ ಸಂಶೋಧನಾ ಸಂಸ್ಥೆ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಗಳು ದ್ವಿತಳಿಯನ್ನು ಬಿಸಿಲನಾಡಿಗೆ ಒಗ್ಗಿಸಲು ಇಷ್ಟೊಂದು ದುಡಿಯಬೇಕಾಗಿ ಬಂದದ್ದರ ಹಿಂದೆಯೂ ಇದೇ ‘ಯಾಕೆ’ ಇದೆ.

ಮೇಯರನ ಹಕ್ಕಿ, ಟಿನ್ಬರ್ಗೆನನ ನಾಲ್ಕು ಪ್ರಶ್ನೆ

ಈ ಎರಡು ಬಗೆಯ ಕಾರಣಗಳನ್ನು ಬಿಡಿಸಿ ಹೇಳಿದ ಪ್ರಸಿದ್ಧ ಬರಹ 1961ರದು. ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಪುಟ್ಟ ಹಕ್ಕಿಯನ್ನು ಉದಾಹರಣೆಗೆ ತೆಗೆದುಕೊಂಡ. ಆಗಸ್ಟ್ 25ರ ರಾತ್ರಿ ಅದು ದಕ್ಷಿಣಕ್ಕೆ ವಲಸೆ ಹೊರಟಿತು. ಯಾಕೆ? ಹಗಲು ಇಷ್ಟು ಗಂಟೆಗಿಂತ ಕಡಿಮೆಯಾದಾಗ ಅದರ ದೇಹ ಪಯಣಕ್ಕೆ ಅಣಿಯಾಗುತ್ತದೆ, ಆ ದಿನ ಉತ್ತರದಿಂದ ತಂಪುಗಾಳಿಯೂ ಬೀಸಿತು. ಇವು ಹತ್ತಿರದ ಕಾರಣಗಳು. ಕೀಟ ತಿಂದು ಬದುಕುವ ಹಕ್ಕಿಗೆ ಅಲ್ಲಿಯ ಚಳಿಗಾಲದಲ್ಲಿ ಹೊಟ್ಟೆಗಿಲ್ಲ, ಹೊರಡುವ ಗುಣ ಅದರ ವಂಶದಲ್ಲಿ ಆಯ್ಕೆಯಾಗಿ ಉಳಿದಿದೆ. ಇವು ದೂರದ ಕಾರಣಗಳು. ಮೇಯರನ ಮಾತಿನ ತಿರುಳು ಇಷ್ಟು: ಎರಡನ್ನೂ ಹೇಳದೆ ಯಾವ ಜೈವಿಕ ವಿವರಣೆಯೂ ಪೂರ್ತಿಯಾಗುವುದಿಲ್ಲ, ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕುವ ಜಗಳ ಅರ್ಥವಿಲ್ಲದ್ದು.

ಎರಡು ವರ್ಷದ ನಂತರ, 1963ರಲ್ಲಿ, ಪ್ರಾಣಿಗಳ ವರ್ತನೆಯನ್ನು ಅಭ್ಯಾಸ ಮಾಡುತ್ತಿದ್ದ ನಿಕೊ ಟಿನ್ಬರ್ಗೆನ್ ಪ್ರಶ್ನೆಗಳನ್ನು ನಾಲ್ಕು ಮಾಡಿದ. ಈ ವರ್ತನೆಯನ್ನು ನಡೆಸುವ ಯಂತ್ರ ಯಾವುದು? ಒಂದು ಜೀವಿಯ ಬಾಳಿನಲ್ಲಿ ಅದು ಹೇಗೆ ರೂಪುಗೊಳ್ಳುತ್ತದೆ? ಉಳಿವಿಗೆ ಅದರಿಂದ ಏನು ಉಪಯೋಗ? ಆ ವಂಶದ ಇತಿಹಾಸದಲ್ಲಿ ಅದು ಹೇಗೆ ಬಂತು? ಮೊದಲ ಎರಡು ‘ಹೇಗೆ’ಯ ಕಡೆಯವು, ಕೊನೆಯ ಎರಡು ‘ಯಾಕೆ’ಯ ಕಡೆಯವು. ಕೊನೆಯ ಎರಡನ್ನು ಒಂದೇ ಎಂದುಕೊಂಡರೆ ಎಷ್ಟು ಎಡವಟ್ಟಾಗುತ್ತದೆ ಎಂಬುದನ್ನು ತಿಳಿಯಲು ಹಿಂದೂಪುರದಿಂದ ಪಾವಗಡದ ದಾರಿಯಲ್ಲಿ ಕಲ್ಯಾಣದುರ್ಗದ ಕಡೆಗೆ ಹೋಗಬೇಕು.

ಮಣ್ಣಿಗಿಳಿಯುವ ಕಾಯಿ

ಕಲ್ಯಾಣದುರ್ಗದ ಸೀಮೆ ಕಡಲೆಕಾಯಿಯ ಸೀಮೆ. ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸು. ಹಗುರವಾದ ಕೆಂಪು ಮಣ್ಣು, ಮುಂಗಾರು ನಂಬಿದ ಬಿತ್ತನೆ. ಬೆಳೆ ಹೂವಿಗೆ ಬಂದಾಗ ನಡೆಯುವ ಸಂಗತಿ ಬೇರೆ ಬೆಳೆಗಳಲ್ಲಿ ತೀರ ಅಪರೂಪ. ಹಳದಿ ಹೂವು ಮುಂಜಾನೆ ಅರಳಿ, ತನ್ನ ಪರಾಗದಿಂದಲೇ ಫಲಿತವಾಗಿ, ಅಂದೇ ಬಾಡುತ್ತದೆ. ವಾರದೊಳಗೆ ಹೂವಿದ್ದ ಕಡೆಯಿಂದ ಸೂಜಿಯಂಥ ತೊಟ್ಟೊಂದು ಹೊರಟು ನೆಲದತ್ತ ಬಾಗುತ್ತದೆ. ರೈತರ ಮಾತಿನಲ್ಲಿ ಊಡು ಇಳಿಯಿತು. ಊಡಿನ ತುದಿಯಲ್ಲಿ ಫಲಿತವಾದ ಬೀಜಾಂಡಗಳಿವೆ. ಅದು ಮಣ್ಣನ್ನು ಚುಚ್ಚಿಕೊಂಡು ನಾಲ್ಕೈದು ಸೆಂಟಿಮೀಟರು ಇಳಿದು, ಅಡ್ಡಕ್ಕೆ ತಿರುಗಿ, ಕಾಯಿ ಕಟ್ಟುತ್ತದೆ. ತೀರ ಮೇಲಿನ ಗಿಣ್ಣಿನಲ್ಲಿ ಹುಟ್ಟಿ ನೆಲ ಮುಟ್ಟದ ಊಡು ಅಲ್ಲೇ ಒಣಗುತ್ತದೆ.

ಹೇಗೆ ಇಳಿಯುತ್ತದೆ? ಊಡಿನ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿವೆ. ಅವು ಗುರುತ್ವಕ್ಕೆ ಜಗ್ಗಿ ಕೆಳಬದಿಗೆ ಕೂರುತ್ತವೆ, ಗಿಡಕ್ಕೆ ‘ಕೆಳಗೆ’ ಎಂಬುದು ಗೊತ್ತಾಗುವುದು ಹೀಗೆ. ಬೆಳಕಿರುವ ತನಕ ಭ್ರೂಣ ಕೆಲವೇ ಜೀವಕೋಶಗಳ ಹಂತದಲ್ಲಿ ನಿಂತಿರುತ್ತದೆ. ಕತ್ತಲು ಕವಿದು, ಮಣ್ಣಿನ ಸ್ಪರ್ಶವಾದ ಮೇಲೆ ಬೆಳವಣಿಗೆ ಮತ್ತೆ ಶುರು.

ಕಾಯಿಯ ಊಟದ ವಿಷಯದಲ್ಲಿ ಇನ್ನೊಂದು ‘ಹೇಗೆ’ ಇದೆ, ರೈತನ ಜೇಬಿಗೆ ನೇರವಾಗಿ ತಾಗುವಂಥದು. ಬೇರು ಹೀರಿದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ನೀರಿನ ಜೊತೆ ಎಲೆಗಳಿಗೆ ಏರುತ್ತದೆ. ಎಲೆಯಿಂದ ಅದು ಕೆಳಕ್ಕೆ ಹರಿದು ಬರುವುದು ತೀರ ಕಡಿಮೆ. ನೆಲದೊಳಗಿನ ಕಾಯಿಯಿಂದ ನೀರು ಆವಿಯಾಗದ ಕಾರಣ ಬೇರಿನ ನೀರು ಅತ್ತ ಹರಿಯುವುದೂ ಇಲ್ಲ. ಹಾಗಾಗಿ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಬೇಕು. 1949ರಲ್ಲಿ ಅಮೆರಿಕದ ಬ್ಲೆಡ್ಸೋ, ಕೋಮಾರ್, ಹ್ಯಾರಿಸ್ ಎಂಬವರು ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ, ಕಾಯಿಯೇ ಅದನ್ನು ಹೀರುವುದನ್ನು ತೋರಿಸಿದರು. ಊಡು ಇಳಿಯುವ ಹೊತ್ತಿಗೆ ಗಿಡದ ಬುಡಕ್ಕೆ ಜಿಪ್ಸಮ್ ಹಾಕಿ ಎಂದು ಕೃಷಿ ಇಲಾಖೆಯವರು ಹೇಳುವುದರ ಹಿಂದಿರುವುದು ಇದೇ. ಆ ಹೊತ್ತಿನಲ್ಲಿ ಮೇಲ್ಮಣ್ಣು ಒಣಗಿದರೆ, ಕೆಳಗೆ ಬೇರಿಗೆ ತೇವವಿದ್ದರೂ ಜೊಳ್ಳು ಕಾಯಿ ಹೆಚ್ಚುತ್ತದೆ. ಕರಗಿದ ಕ್ಯಾಲ್ಸಿಯಂ ಕಾಯಿಯ ಮಗ್ಗುಲಿಗೆ ಬರಲು ನೀರು ಅಲ್ಲೇ ಬೇಕು.

ಈಗ ‘ಯಾಕೆ’. ಕಲ್ಯಾಣದುರ್ಗದ ಹೊಲದ ಬದುವಿನಲ್ಲಿ ನಿಂತು ಕೇಳಿದರೆ ಉತ್ತರ ಬಾಯಿಗೆ ತಾನಾಗಿ ಬರುತ್ತದೆ: ಬರಗಾಲದ ಸೀಮೆ, ಬಿಸಿಲಿನಿಂದ ಬೀಜ ಉಳಿಯಲಿ ಎಂದು. ಕೇಳಲು ಚೆನ್ನಾಗಿದೆ, ಆದರೆ ಈ ಸಸ್ಯ ಇಲ್ಲಿ ಹುಟ್ಟಿದ್ದಲ್ಲ. ಯುರೋಪಿನ ಹಡಗುಗಳು ಅಮೆರಿಕ ಖಂಡಕ್ಕೂ ನಮಗೂ ನಡುವೆ ಓಡಾಡತೊಡಗಿದ ಮೇಲೆ ಬಂದದ್ದು. ಅದರ ತವರು ದಕ್ಷಿಣ ಅಮೆರಿಕ. ದಕ್ಷಿಣ ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾದ ಸೀಮೆಯಲ್ಲಿ ಎರಡು ಕಾಡುಜಾತಿಗಳು ಬೆರೆತು ಈ ಬೆಳೆ ಹುಟ್ಟಿತು ಎಂಬುದನ್ನು 2016ರಲ್ಲಿ ಪ್ರಕಟವಾದ ಅವುಗಳ ಜೀನೋಮ್ ಗಟ್ಟಿಮಾಡಿತು. ಇನ್ನೂ ದೊಡ್ಡ ಸುಳಿವು ಏನೆಂದರೆ, ಈ ಕುಲದಲ್ಲಿ 80ರಷ್ಟು ಜಾತಿಗಳಿದ್ದು ಎಲ್ಲವೂ ಕಾಯನ್ನು ನೆಲದಲ್ಲೇ ಕಟ್ಟುತ್ತವೆ. ಒಣನಾಡಿನವೂ ಹಾಗೆಯೇ, ಜೌಗಿನವೂ ಹಾಗೆಯೇ.

ಟಿನ್ಬರ್ಗೆನನ ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳು ಬೇರೆಯಾಗುವುದು ಇಲ್ಲೇ. ಕಡಲೆಕಾಯಿ ಮಣ್ಣಿಗಿಳಿಯುವುದು ಮೊದಲನೆಯದಾಗಿ ಅದರ ಹಿರಿಯರೆಲ್ಲ ಹಾಗೆ ಮಾಡುತ್ತಿದ್ದುದರಿಂದ. ಆ ಹಿರಿಯರಿಗೆ ಅದರಿಂದ ಏನು ಸಿಕ್ಕಿತು ಎಂಬುದು ಬೇರೆ ಪ್ರಶ್ನೆ. ಬೆಂಕಿ, ಬರ, ಮೇಯುವ ಪ್ರಾಣಿಗಳಿಂದ ಬೀಜಕ್ಕೆ ರಕ್ಷಣೆ ಸಿಕ್ಕಿರಬಹುದು. ತಾಯಿಗಿಡ ಬದುಕಿ ತೋರಿಸಿದ ಜಾಗದಲ್ಲೇ ಮಕ್ಕಳೂ ಬೇರೂರುವ ಅನುಕೂಲ ಇದ್ದಿರಬಹುದು. ಬೆಲೆಯನ್ನೂ ತೆತ್ತಿದೆ: ಗಾಳಿ, ಹಕ್ಕಿಗಳ ಮೂಲಕ ಹರಡುವ ಭಾಗ್ಯ ಈ ಬೀಜಕ್ಕಿಲ್ಲ. ಕಾಡುಜಾತಿಗಳ ನೆಲೆಗಳು ನದಿಗಳ ಜಾಡು ಹಿಡಿದಿರುವುದಕ್ಕೆ ಮಣ್ಣು ಕೊಚ್ಚಿದ ನೀರೇ ಅವುಗಳ ಮುಖ್ಯ ವಾಹನವಾಗಿದ್ದುದೇ ಕಾರಣ ಎನ್ನುತ್ತಾರೆ. ಕಲ್ಯಾಣದುರ್ಗದ ಬರ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಒಪ್ಪುವ ಕಥೆ, ಒಪ್ಪಿಸುವ ಸಾಕ್ಷಿ

‘ಗಿಡ ಬೀಜ ಕಾಪಾಡಲೆಂದು ಊಡು ಇಳಿಸುತ್ತದೆ’ ಎಂದು ಹೇಳುವುದು ಮಾತಿನ ಅನುಕೂಲ. ಗಿಡಕ್ಕೆ ಅಂಥ ಇಚ್ಛೆಯಿಲ್ಲ, ಮುಂದಾಲೋಚನೆಯಿಲ್ಲ. ಇಳಿಸಿದವು ಉಳಿದವು, ಇಳಿಸದವು ಅಳಿದವು. ಇಷ್ಟನ್ನೇ ನಾವು ‘ಕಾಪಾಡಲೆಂದು’ ಎಂಬ ಒಂದು ಪದದಲ್ಲಿ ಅಡಗಿಸುತ್ತೇವೆ. ಇಚ್ಛೆಯಿಲ್ಲದ ಈ ಗುರಿಯನ್ನು ಗುರುತಿಸಲು 1958ರಲ್ಲಿ ಜೀವವಿಜ್ಞಾನಿ ಕಾಲಿನ್ ಪಿಟೆಂಡ್ರೈ ‘ಟೀಲಿಯಾನಮಿ’ ಎಂಬ ಹೊಸ ಪದವನ್ನೇ ತಂದ.

ಅದಕ್ಕಿಂತ ದೊಡ್ಡ ಅಪಾಯ ‘ಯಾಕೆ’ಗೆ ಕಥೆ ಕಟ್ಟುವುದು. ಪ್ರತಿ ಅಂಗಕ್ಕೂ ಪ್ರತಿ ವರ್ತನೆಗೂ ಒಂದು ಉಪಯೋಗ ಹೊಸೆದು, ಕಥೆ ಹೊಂದಿದರೆ ಅದೇ ಸತ್ಯವೆನ್ನುವ ಚಾಳಿಯನ್ನು 1979ರಲ್ಲಿ ಜೀವವಿಜ್ಞಾನಿಗಳಾದ ಸ್ಟೀಫನ್ ಜೇ ಗೂಲ್ಡ್ ಮತ್ತು ರಿಚರ್ಡ್ ಲೆವಾಂಟಿನ್ ಕಟುವಾಗಿ ಟೀಕಿಸಿದರು. ‘ಯಾಕೆ’ಯನ್ನು ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ. ಅದನ್ನು ಅಳತೆಗೆ ಒಡ್ಡಬೇಕು.

ಹಾಗೆ ಒಡ್ಡಿದ ಒಳ್ಳೆಯ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ಶಿಷ್ಯರು ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು ದಶಕಗಳ ಕಾಲ ಗಮನಿಸಿದರು. ಗೂಡಿನಲ್ಲಿ ಒಂದೇ ರಾಣಿ ಮೊಟ್ಟೆ ಇಡುತ್ತದೆ, ಉಳಿದ ಹೆಣ್ಣುಗಳು ದುಡಿಯುತ್ತವೆ. ರಾಣಿಯನ್ನು ತೆಗೆದರೆ ಆ ಕ್ಷಣವೇ ಒಂದು ಕೆಲಸಗಾತಿ ಜಗಳಗಂಟಿಯಾಗುತ್ತದೆ, ಸುಮಾರು ಒಂದು ವಾರದಲ್ಲಿ ತಾನೇ ಮೊಟ್ಟೆ ಇಡತೊಡಗುತ್ತದೆ. ಮೊಟ್ಟೆ ಇಡುವ ಶಕ್ತಿಯಿದ್ದೂ ಮೊದಲು ಯಾಕೆ ಬಿಟ್ಟುಕೊಟ್ಟಿತ್ತು? 1964ರಲ್ಲಿ ಜೀವವಿಜ್ಞಾನಿ ಹ್ಯಾಮಿಲ್ಟನ್ ಒಂದು ಲೆಕ್ಕ ಮುಂದಿಟ್ಟಿದ್ದ. ಕಣಜ, ಜೇನುಗಳಲ್ಲಿ ಒಂದೇ ತಂದೆ-ತಾಯಿಯ ಅಕ್ಕತಂಗಿಯರ ನಡುವೆ ಜೀನುಗಳ ಹೊಂದಿಕೆ ಮುಕ್ಕಾಲು ಪಾಲು, ಸ್ವಂತ ಮಗಳೊಂದಿಗೆ ಅರ್ಧ. ಹಾಗಿದ್ದಲ್ಲಿ ತಂಗಿಯರನ್ನು ಸಾಕುವುದೇ ಲಾಭ. ಅಳೆದು ನೋಡಿದಾಗ ಈ ಕಣಜದಲ್ಲಿ ರಾಣಿ ಹಲವು ಗಂಡುಗಳೊಂದಿಗೆ ಕೂಡುತ್ತದೆ, ರಾಣಿಯರು ಬದಲಾಗುತ್ತಲೂ ಇರುತ್ತಾರೆ. ನಂಟು ಮುಕ್ಕಾಲು ಪಾಲಿನಷ್ಟು ಉಳಿಯುವುದೇ ಇಲ್ಲ. ಬರೀ ನಂಟಿನ ಲೆಕ್ಕ ಸಾಲದೆ ಹೋದಾಗ ಗದಗ್‌ಕರ್ ಇನ್ನೊಂದು ಅಂಶವನ್ನು ಸೇರಿಸಿದರು. ಒಂಟಿಯಾಗಿ ಗೂಡು ಕಟ್ಟಿದವಳು ನಡುವೆ ಸತ್ತರೆ ಎಲ್ಲ ದುಡಿಮೆಯೂ ಮಣ್ಣುಪಾಲು. ಗುಂಪಿನಲ್ಲಿ ಸತ್ತರೆ, ಅವಳು ಅರ್ಧಕ್ಕೆ ಬಿಟ್ಟ ಮರಿಗಳನ್ನು ಮಿಕ್ಕವರು ಸಾಕುತ್ತಾರೆ. ‘ಯಾಕೆ’ಗೂ ಸೋಲು-ಗೆಲುವಿನ ಪರೀಕ್ಷೆ ಸಾಧ್ಯ ಎಂಬುದಕ್ಕೆ ಇಷ್ಟು ಸಾಕು.

ಇನ್ನೊಂದು ದಾರಿ ಹೋಲಿಕೆಯದು. ಹಿಂದೂಪುರದ ಸಮೀಪ, ಚಿಲಮತ್ತೂರು ಮಂಡಲದ ವೀರಾಪುರಕ್ಕೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು ಊರ ನಡುವಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಅವನ್ನು ಕಾಯುತ್ತಾರೆ. ಇದೇ ಹಕ್ಕಿ ರಾಜಸ್ಥಾನದ ಭರತಪುರದಲ್ಲಿ ಮುಂಗಾರಿನ ಕೊನೆಗೆ ಗೂಡು ಕಟ್ಟಿದರೆ, ದಕ್ಷಿಣದಲ್ಲಿ ಹಿಂಗಾರು ಮುಗಿದ ಆಸುಪಾಸಿನ ತಿಂಗಳುಗಳಲ್ಲಿ ಕಟ್ಟುತ್ತದೆ. ಜಾತಿ ಒಂದೇ ಆದರೂ ತಿಂಗಳು ಬೇರೆ. ಹಾಗಾದರೆ ತಿಂಗಳು ಮುಖ್ಯವಲ್ಲ, ಮರಿಗಳಿಗೆ ಮೀನು ಹೇರಳವಾಗಿ ಸಿಗುವ ಕಾಲ ಮುಖ್ಯ ಎಂಬ ವಿವರಣೆಗೆ ಬಲ ಬರುತ್ತದೆ. ಇದು ‘ಯಾಕೆ’ ಇನ್ನೂ ಇಲ್ಲೇ ಬದುಕಿರುವ ಉದಾಹರಣೆ. ರೇಷ್ಮೆ ಮತ್ತು ಕಡಲೆಕಾಯಿಯ ಹಾಗೆ ಅದು ಕಡಲಾಚೆ ಉಳಿದುಹೋಗಿಲ್ಲ.

ಯಾವ ಪ್ರಶ್ನೆಗೆ ಯಾವ ಫಲ

ರೈತನಿಗೆ ‘ಹೇಗೆ’ ಕೈಗೆ ಸಿಗುವ ಹಿಡಿಕೆ. ಹಾರ್ಮೋನು ಹೇಗೆ ಕೆಲಸ ಮಾಡುತ್ತದೆಂದು ಗೊತ್ತಾಗುವ ಮೊದಲೇ ಆಮ್ಲದ ಉಪಾಯ ಬಳಕೆಗೆ ಬಂದಿತ್ತು ನಿಜ. ಆದರೆ ಜಿಪ್ಸಮ್ಮನ್ನು ಎಲ್ಲಿ ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ಕಾಯಿಯ ಊಟದ ದಾರಿಯೇ ತಿಳಿಸಿಕೊಟ್ಟಿತು. ‘ಯಾಕೆ’ ಇಷ್ಟು ಬೇಗ ಫಲ ಕೊಡುವುದಿಲ್ಲ, ಅದು ಹುಡುಕಾಟಕ್ಕೆ ದಿಕ್ಕು ತೋರಿಸುತ್ತದೆ.

ಕಡಲೆಕಾಯಿಗೆ ತುಕ್ಕು ರೋಗ ಮತ್ತು ಎಲೆಚುಕ್ಕೆ ರೋಗ ತಗುಲಿದಾಗ ನಾಟಿ ತಳಿಗಳಲ್ಲಿ ಸಾಕಷ್ಟು ತಡೆ ಸಿಗಲಿಲ್ಲ. ಅದಕ್ಕೊಂದು ಐತಿಹಾಸಿಕ ಕಾರಣವಿದೆ. ಎರಡು ಕಾಡುಜಾತಿಗಳು ಅಪರೂಪಕ್ಕೆ ಬೆರೆತು ಹುಟ್ಟಿದ ಬೆಳೆ ಇದು. ಹುಟ್ಟಿನಲ್ಲೇ ಅದರ ಜೀನುಗಳ ಬಂಡವಾಳ ಸಣ್ಣದು, ಕಾಡಿನ ಬಂಧುಗಳೊಡನೆ ಕೊಡುಕೊಳ್ಳುವಿಕೆಯೂ ಅಲ್ಲಿಗೇ ನಿಂತಿತು. ಹಾಗಾಗಿ ತಳಿವಿಜ್ಞಾನಿಗಳು ಬೊಲಿವಿಯಾದ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡುಜಾತಿಯ ರೋಗನಿರೋಧಕ ಗುಣವನ್ನು ಬೆಳೆಗೆ ತಂದರು. ಆ ವಂಶದ ತಳಿಯೊಂದನ್ನು ಬಳಸಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜಿಪಿಬಿಡಿ-4 ಎಂಬ ತಳಿಯನ್ನು ಹೊರತಂದಿತು. ಯಾವ ವರ್ಣತಂತುವಿನ ಯಾವ ತುಣುಕು ರೋಗವನ್ನು ತಡೆಯುತ್ತದೆ ಎಂಬುದನ್ನು ‘ಹೇಗೆ’ ಕೇಳುವವರು ಆಮೇಲೆ ಗುರುತಿಸಿದರು. ಆದರೆ ಈ ಬೆಳೆ ಎಲ್ಲಿಂದ ಬಂತು, ಯಾಕೆ ಹೀಗಾಯಿತು ಎಂದು ಮೊದಲು ಯಾರೂ ಕೇಳದೆ ಹೋಗಿದ್ದರೆ, ಆ ತುಣುಕನ್ನು ಬೊಲಿವಿಯಾದಲ್ಲಿ ಹುಡುಕಬೇಕು ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.